ಸಹಾಯ ಬೇಕು: ಮಡಿಕೇರಿಯ ಮಳೆಯಲ್ಲಿ ಮರಹತ್ತಿ ಬೆಳೆಸುವ ಬಗ್ಗೆ

ಸದಸ್ಯರೆಲ್ಲರಿಗೂ ನಮಸ್ಕಾರ. ಮಡಿಕೇರಿ ಸಮೀಪದ ನಮ್ಮ ಮನೆಯಂಗಳದಲ್ಲಿ ಹೂವಿನ ಅಂದಕ್ಕೂ ದೇವರ ದೀಪದ ಬತ್ತಿಗೂ ಒದಗುವಂತೆ ಮರಹತ್ತಿಯ ಕೆಲವು ಗಿಡಗಳನ್ನು ಬೆಳೆಸಬೇಕೆಂದಿದ್ದು, ಅನುಭವಿಗಳ ಸಲಹೆ ಬೇಡುತ್ತಿದ್ದೇನೆ. ನಾನು ಕೇಳುತ್ತಿರುವುದು ಬೂರುಗದ ಮರವನ್ನಲ್ಲ. ಭಾರತ ಉಪಖಂಡದಲ್ಲಿ ಸಾವಿರಾರು ವರ್ಷಗಳಿಂದ ಕೃಷಿಯಲ್ಲಿರುವ, ಆಳೆತ್ತರ ಮೀರಿ ಬೆಳೆದು ಹಲವು ವರ್ಷ ಬಾಳಬಲ್ಲ ಗಾಸಿಪಿಯಂ ಅರ್ಬೋರಿಯಂ ಎಂಬ ದೇಸಿ ಹತ್ತಿಯನ್ನು.

ಈ ಗಿಡ ಬರವನ್ನು ತಾಳುತ್ತದೆ, ಆದರೆ ಬೇರಿನಲ್ಲಿ ನೀರು ನಿಂತರೆ ಸೊರಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ನಮ್ಮ ಮಳೆಯಲ್ಲಿ ಕಾಯಿ ಕೊಳೆಯುವುದೇ ನನ್ನ ದೊಡ್ಡ ಚಿಂತೆ. ಮಳೆ ಇಳಿದ ಮೇಲೆ ಬೀಜ ಬಿತ್ತಿ, ಬೇಸಿಗೆಯ ಬಿಸಿಲಿನಲ್ಲಿ ಕಾಯಿ ಒಡೆಯುವಂತೆ ಮಾಡಿ, ಮುಂಗಾರಿಗೆ ಮುನ್ನ ಕೊಂಬೆ ಸವರಿದರೆ ಗಿಡ ಮರುವರ್ಷಕ್ಕೆ ಉಳಿದೀತೇ? ಕಾಫಿ ತೋಟದ ನೆರಳು ಇದಕ್ಕೆ ಒಗ್ಗದು. ಆದ್ದರಿಂದ ಬಿಸಿಲು ಬೀಳುವ ಇಳಿಜಾರಿನಲ್ಲಿ ಏರುಮಡಿ ಮಾಡುವ ಯೋಚನೆಯಿದೆ.

ಬೀಜ ಕೊಡುವವರು ದಯವಿಟ್ಟು ಹೂವು, ಕಾಯಿಗಳ ಚಿತ್ರವನ್ನೂ ಹಾಕಿ. ಹೊಲದ ಅಮೆರಿಕನ್ ಹತ್ತಿಯಲ್ಲಿ ಹೂವಿನ ಬುಡದ ಹಸಿರು ಎಸಳುಗಳು ಆಳವಾಗಿ ಸೀಳಿರುತ್ತವೆ, ಮರಹತ್ತಿಯಲ್ಲಿ ಅಂಚಿಗೆ ಕೆಲವೇ ಹಲ್ಲುಗಳಿರುತ್ತವೆ. ಅಮೆರಿಕನ್ ಹತ್ತಿಯ ಜೀವಕೋಶದಲ್ಲಿ 52 ವರ್ಣತಂತುಗಳು (ಕ್ರೋಮೋಸೋಮ್‌ಗಳು), ಮರಹತ್ತಿಯದರಲ್ಲಿ 26. ಹಾಗಾಗಿ ಅವೆರಡೂ ಸುಲಭವಾಗಿ ಬೆರೆಯುವುದಿಲ್ಲ, ಅಮೆರಿಕನ್ ಹತ್ತಿ ಬೆಳೆಯುವ ಬಯಲುಸೀಮೆಯಿಂದ ಬಂದ ಬೀಜವಾದರೂ ಅಡ್ಡಿಯಿಲ್ಲ. ಕೆಂಪು ಹೂವಿನ ತಳಿ ಯಾರಲ್ಲಾದರೂ ಇದ್ದರೆ ಬಹಳ ಸಂತೋಷ. ವಿರಾಜಪೇಟೆ, ಸೋಮವಾರಪೇಟೆ ಕಡೆ ಬೆಳೆಸಿರುವವರು ರಸ ಹೀರುವ ಹಿಟ್ಟುತಿಗಣೆಯ ಕಾಟವನ್ನು ಹೇಗೆ ನಿಭಾಯಿಸಿದಿರಿ ಎಂಬುದನ್ನೂ ತಿಳಿಸಿ.