ಆರ್15ಗೆ ಪಿಕಪ್ ಜಾಸ್ತಿ ಮಾಡಿಸಬೇಕು, 180 ಸಿಸಿ ಬೋರ್ ಮಾಡಿಸಲಾ?

ಗಂಗಾವತಿ_ಹುಡುಗ

ಎಲ್ಲಾ ಅಣ್ಣಂದಿರಿಗೆ ನಮಸ್ಕಾರ. ನನ್ನದು ಯಮಹಾ ಆರ್15 ವರ್ಷನ್ 2, 2013ರ ಮಾಡೆಲ್. ಎಂಟು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ತಗೊಂಡೆ. 52 ಸಾವಿರ ಕಿಲೋಮೀಟರ್ ಓಡಿದೆ. ಹಿಂದಿನ ಓನರ್ 140ರ ದಪ್ಪ ಟೈರ್ ಹಾಕಿಸಿದ್ದಾರೆ, ಸೈಲೆನ್ಸರ್ ಕೂಡ ಸದ್ದು ಮಾಡೋದು ಹಾಕಿಸಿದ್ದಾರೆ. ನೋಡೋಕೆ ಗಾಡಿ ಭರ್ಜರಿಯಾಗಿದೆ. ಆದರೆ ಎಳೆತವೇ ಇಲ್ಲ.

ನಾನು ಕಾರಟಗಿ ರಸ್ತೆಯಲ್ಲಿ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ದಿನಾ ಅದೇ ರಸ್ತೆ, ಮುಂದೆ ಭತ್ತದ ಲಾರಿಗಳು. ಓವರ್‌ಟೇಕ್ ಮಾಡೋಕೆ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೂ ಗಾಡಿ ನಿಧಾನಕ್ಕೆ ಏಳುತ್ತದೆ. ಅಷ್ಟರಲ್ಲಿ ಎದುರಿಗೆ ಬಸ್ ಬಂದಿರುತ್ತದೆ. ಹೋದ ವಾರ ಎರಡು ಸಲ ಎದೆ ಧಸಕ್ ಅಂದಿತು. ಎಷ್ಟೇ ತಿರುಗಿಸಿದರೂ 105 ದಾಟಲ್ಲ.

ಒಬ್ಬ ಮೆಕ್ಯಾನಿಕ್ 25 ಸಾವಿರ ಕೊಟ್ಟರೆ ಬೋರ್ ಮಾಡಿ, ಅಂದರೆ ಸಿಲಿಂಡರ್ ಕೊರೆದು ಅಗಲ ಮಾಡಿ, 150 ಸಿಸಿ ಇಂಜಿನ್ ಅನ್ನು 180 ಸಿಸಿ ಮಾಡಿಕೊಡ್ತೀನಿ ಅಂದರು. ನನ್ನ ಗೆಳೆಯನ ಕೆಟಿಎಂ ಆರ್‌ಸಿ 200 ಬೈಕ್ ಹಾಗೆ ಎಳೆಯುತ್ತಂತೆ. ಎರಡು ತಿಂಗಳ ಸಂಬಳ ಕೂಡಿಟ್ಟಿದ್ದೇನೆ. ಮಾಡಿಸಲಾ?

ಬಳ್ಳಾರಿ_ಎರಡುಚಕ್ರ

ತಮ್ಮಾ, ಆ ದುಡ್ಡು ಜೇಬಿನಲ್ಲೇ ಇರಲಿ. ಮೊದಲು ಇದನ್ನು ಓದು.

ನಿನ್ನ ಗಾಡಿಯ ಸಿಲಿಂಡರ್ ಹಳೇ ಗಾಡಿಗಳ ಹಾಗೆ ಒಳಗೆ ಕಬ್ಬಿಣದ ಲೈನರ್ (ಕೊಳವೆ) ಇರೋದಲ್ಲ. ಪೂರ್ತಿ ಅಲ್ಯೂಮಿನಿಯಂ, ಅದರಲ್ಲಿ ಸಿಲಿಕಾನ್ ಬೆರೆಸಿರುತ್ತಾರೆ. ಯಮಹಾದವರು ಅದಕ್ಕೆ ಡಯಾಸಿಲ್ ಅಂತಾರೆ. ಸ್ಪ್ಲೆಂಡರ್ ಬೋರ್ ಮಾಡಿದ ಹಾಗೆ ಲೇತ್‌ಗೆ ಕೊಟ್ಟು ಕೊರೆಸುವ ವಸ್ತು ಅಲ್ಲ ಅದು. ಈಗ ನಿನ್ನ ಸಿಲಿಂಡರ್ ಒಳಗಿನ ಅಗಲ (ಬೋರ್) 57 ಮಿಲಿಮೀಟರ್ ಇದೆ. 180 ಸಿಸಿ ಆಗಬೇಕಾದರೆ ಹೆಚ್ಚು ಕಡಿಮೆ 62.5 ಆಗಬೇಕು. ಸುತ್ತಲೂ ಎರಡೂಮುಕ್ಕಾಲು ಮಿಲಿಮೀಟರ್ ಗೋಡೆ ಎಲ್ಲಿಂದ ತರುತ್ತೀಯಾ? ಬೇರೆ ಬ್ಲಾಕ್ (ಸಿಲಿಂಡರ್), ಬೇರೆ ಪಿಸ್ಟನ್ ಹಾಕಬೇಕು. ಪೆಟ್ರೋಲ್ ಬಿಡೋದು ಇಸಿಯು, ಅಂದರೆ ಇಂಜಿನ್‌ನ ಕಂಪ್ಯೂಟರ್, ಅದರ ಲೆಕ್ಕ 150 ಸಿಸಿಗೆ ಬರೆದಿದ್ದು. ಗಾಳಿ ಜಾಸ್ತಿ, ಪೆಟ್ರೋಲ್ ಅಷ್ಟೇ ಅಂದರೆ ಇಂಜಿನ್ ಬಿಸಿ ಏರುತ್ತದೆ. ಹಾಗಾಗಿ ಇಸಿಯುಗೂ ಖರ್ಚು. 25 ಸಾವಿರಕ್ಕೆ ಮುಗಿಯಲ್ಲ.

ಕಾನೂನೂ ಇದೆ. ನೋಂದಣಿ ಪತ್ರದಲ್ಲಿ (ಆರ್‌ಸಿ) 149 ಸಿಸಿ, ಗಾಡಿಯಲ್ಲಿ 180 ಇದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪಲ್ಲ. 2019ರ ತಿದ್ದುಪಡಿ ಆದ ಮೇಲೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಹಾಕಬಹುದು, ಜೈಲೂ ಇದೆ. ನಾಳೆ ಏನಾದರೂ ಆದರೆ ಇನ್ಶೂರೆನ್ಸ್‌ನವರು ಮೊದಲು ನೋಡೋದೇ ಇದನ್ನು.

ನಾನು ಇಷ್ಟು ಹೇಳೋಕೆ ಕಾರಣ ಇದೆ. 2010ರಲ್ಲಿ ನನ್ನ ಹತ್ತಿರ ಆರ್15 ಮೊದಲನೇ ಮಾಡೆಲ್ ಇತ್ತು. ಗಣಿ ಜೋರಾಗಿದ್ದ ಕಾಲ, ಕೆಲಸ ಸಂಡೂರು ಕಡೆ. ತೋರಣಗಲ್ಲು ದಾಟಿದರೆ ಅದಿರು ಲಾರಿಗಳ ಹಿಂದೆಯೇ ಪ್ರಯಾಣ. ನನಗೂ ಪವರ್ ಹುಚ್ಚು. ಒಂದು ಅಂಗಡಿಯಲ್ಲಿ ಏರ್ ಫಿಲ್ಟರ್ ಡಬ್ಬಿ ತೆಗೆಸಿ ಕೋನ್ ಫಿಲ್ಟರ್ ಹಾಕಿಸಿಕೊಂಡೆ. ಗಾಳಿ ಎಳೆಯುವ ಸದ್ದು ಚೆನ್ನಾಗಿತ್ತು. ಆರು ತಿಂಗಳಿಗೆ ನೀಲಿ ಹೊಗೆ ಶುರುವಾಯಿತು. ಹೆಡ್ ಬಿಚ್ಚಿದಾಗ ಗಾಳಿ ಹೋಗುವ ದಾರಿಯಲ್ಲಿ ಕುಂಕುಮ ಕಲಸಿ ಬಳಿದ ಹಾಗೆ ಕೆಂಪು ಅಂಟು. ಸಿಲಿಂಡರ್ ಒಳಗೆ ಉಗುರು ಅಡ್ಡಡ್ಡ ಎಳೆದರೆ ಗೀರಿಗೆ ಸಿಕ್ಕಿ ಟಕ್ ಟಕ್ ಅನ್ನುತ್ತಿತ್ತು. ಅದಿರಿನ ಧೂಳು ರಿಂಗ್‌ಗಳನ್ನು ಅರೆದು ಹಾಕಿತ್ತು. ಬೋರ್ ಮಾಡಿಸೋಕೆ ಆಗಲ್ಲ, ಬ್ಲಾಕ್ ಪಿಸ್ಟನ್ ಎರಡೂ ಹೊಸದು. ಆ ಬ್ಲಾಕ್ ಇನ್ನೂ ನಮ್ಮ ಮನೆಯಲ್ಲಿದೆ. ಎಸೆಯೋಕೆ ಮನಸ್ಸು ಬಂದಿಲ್ಲ.

ಈಗ ನಿನ್ನ ಗಾಡಿ. ಕಂಪನಿಯಿಂದ ಬಂದಾಗ ಅದಕ್ಕೆ 17 ಪಿಎಸ್ (ಅಶ್ವಶಕ್ತಿ) ಇತ್ತು. ವರ್ಷನ್ 2 ಆರೋಗ್ಯವಾಗಿದ್ದರೆ 105ಕ್ಕೆ ನಿಲ್ಲಲ್ಲ. ಅಂದರೆ ಇರೋ ಪವರ್ ಎಲ್ಲೋ ಸೋರಿಹೋಗುತ್ತಿದೆ. ಏರ್ ಫಿಲ್ಟರ್ ತೆಗೆದು ನೋಡು. ಅದು ಕಾಗದದ್ದು, ಕಂಪ್ರೆಸರ್ ಗಾಳಿ ಹೊಡೆದರೆ ಹರಿಯುತ್ತದೆ, ಹೊಸದೇ ಹಾಕು. ಸ್ಪಾರ್ಕ್ ಪ್ಲಗ್ ಬದಲಿಸು. ಇಂಜಿನ್ ತಣ್ಣಗಿರುವಾಗ ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಹತ್ತಿರ ಬಿಡುವ ಸಣ್ಣ ಸಂದು) ನೋಡಿಸು, 52 ಸಾವಿರಕ್ಕೆ ಯಾರೂ ನೋಡಿಸಿರಲ್ಲ. ಹಿಂದಿನ ಚಕ್ರ ಎತ್ತಿ ಕೈಯಿಂದ ತಿರುಗಿಸು. ಒಂದು ಸುತ್ತಿಗೇ ನಿಂತರೆ ಡಿಸ್ಕ್ ಬ್ರೇಕ್ ಹಿಡಿದುಕೊಂಡಿದೆ, ಇಲ್ಲಾ ಚೈನ್ ಬಿಗಿಯಾಗಿದೆ.

ಆಮೇಲೆ ಆ ಟೈರ್. ನಿನ್ನ ಗಾಡಿಯದು 130/70. ಸುಮ್ನೆ ದಪ್ಪದ್ದು ಹಾಕಿ ತೂಕ ಜಾಸ್ತಿ ಮಾಡಿದ್ದಾರೆ. ಸಣ್ಣ ಇಂಜಿನ್ ಪ್ರತಿ ಸಲ ಅದನ್ನು ತಿರುಗಿಸಬೇಕು ಅಲ್ವಾ?

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ಲಾರಿ ಹಿಂದೆ 60ರಲ್ಲಿ ಯಾವ ಗೇರ್‌ನಲ್ಲಿ ಇರುತ್ತೀಯಾ? ಐದರಲ್ಲಿದ್ದರೆ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) 5000 ಆಸುಪಾಸು. ಅಲ್ಲಿ ಸಿಗೋದು ಸುಮಾರು ಅರ್ಧ ಪವರ್. 17 ಪಿಎಸ್ ಸಿಗೋದು 8500ಕ್ಕೆ. ಮೂರಕ್ಕೆ ಇಳಿಸು, 7000 ದಾಟುತ್ತದೆ, ಆಗ ತಿರುಗಿಸಿ ನೋಡು. ಈ ಇಂಜಿನ್ ಕೂಗಬೇಕು. ಕೂಗಿದರೆ ಹಾಳಾಗುತ್ತೆ ಅಂತ ಹೆದರಬೇಡ, ಅದಕ್ಕೇ ಒತ್ತಿ ಗಟ್ಟಿ ಮಾಡಿದ ಫೋರ್ಜ್ಡ್ ಪಿಸ್ಟನ್ ಕೊಟ್ಟಿದ್ದಾರೆ.

ರಾಯಚೂರು_ಬಿಸಿಲು

ಬಳ್ಳಾರಿ ಅಣ್ಣಾವ್ರು ಹೇಳಿದ್ದು ಸರಿ, ಆದರೆ ಒಂದನ್ನು ಬಿಟ್ಟಿದ್ದಾರೆ. ನನ್ನದೂ ವರ್ಷನ್ 2. ಚೈನ್ ತಿರುಗಿಸುವ ಮುಂದಿನ ಹಲ್ಲುಚಕ್ರ (ಸ್ಪ್ರಾಕೆಟ್) 14 ಹಲ್ಲಿನದು ತೆಗೆದು 13ರದ್ದು ಹಾಕಿಸಿದೆ. ಇಂಜಿನ್ ಮುಟ್ಟಿಲ್ಲ. ಎಳೆತ ತಕ್ಷಣ ಗೊತ್ತಾಯಿತು. ಲಿಂಗಸುಗೂರು ರಸ್ತೆಯಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಹೋದರೂ ಏಳುತ್ತದೆ. ಖರ್ಚೂ ಕಡಿಮೆ.

ಮತ್ತೆ, ನೀವು ಮಧ್ಯಾಹ್ನ ಓಡಿಸುತ್ತೀರಾ? ಬಿಸಿ ಗಾಳಿ ತೆಳು. 25 ಡಿಗ್ರಿಗೂ 42 ಡಿಗ್ರಿಗೂ ಗಾಳಿಯ ಸಾಂದ್ರತೆ ನೂರಕ್ಕೆ ಐದರಷ್ಟು ಕಡಿಮೆಯಾಗುತ್ತದೆ, ಪವರ್ ಕೂಡ ಅಷ್ಟು ಇಳಿಯುತ್ತದೆ. ನಮ್ಮೂರಲ್ಲಿ ಮೇ ತಿಂಗಳ ಮಧ್ಯಾಹ್ನ ಗಾಡಿ ಸುಸ್ತಾದ ಹಾಗೇ ಓಡುತ್ತದೆ, ಬೆಳಗ್ಗೆ ಆರಕ್ಕೆ ಅದೇ ಗಾಡಿ ಬೇರೆ ಥರ. ರೇಡಿಯೇಟರ್ ಜಾಲರಿಯಲ್ಲಿ ಮಣ್ಣು ಕೂತಿದ್ದರೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಪವರ್ ಪೆಟ್ರೋಲ್‌ಗೆ ದುಡ್ಡು ಹಾಕಬೇಡಿ. ಇಂಜಿನ್ ನಾಕಿಂಗ್ (ಒಳಗೆ ಟಕಟಕ ಬಡಿತ) ಇಲ್ಲದಿದ್ದರೆ ಅದರಿಂದ ಪವರ್ ಬರಲ್ಲ.

ಬಳ್ಳಾರಿ_ಎರಡುಚಕ್ರ

13ರ ಸ್ಪ್ರಾಕೆಟ್ ಒಪ್ಪುತ್ತೇನೆ, ಆದರೆ ಕೊನೆಗೆ. ವರ್ಷನ್ 2ಗೆ ಕಂಪನಿಯವರೇ ಹಿಂದಿನ ಸ್ಪ್ರಾಕೆಟ್ 42ರಿಂದ 47 ಹಲ್ಲಿಗೆ ಏರಿಸಿ ಎಳೆತ ಕೊಟ್ಟಿದ್ದಾರೆ. 13 ಹಾಕಿದರೆ 100ರ ವೇಗದಲ್ಲಿ 7400 ಇದ್ದ ಆರ್‌ಪಿಎಂ 8000ಕ್ಕೆ ಹೋಗುತ್ತದೆ. ಸಣ್ಣ ಸ್ಪ್ರಾಕೆಟ್ ಮೇಲೆ ಚೈನ್ ಜಾಸ್ತಿ ಬಾಗುತ್ತದೆ, ಬೇಗ ಸವೆಯುತ್ತದೆ. ಊರೊಳಗೆ ಓಡಿಸುವವರಿಗೆ ಸರಿ.

ತಮ್ಮಾ, ಏನೇ ಮಾಡಿದರೂ ಅಳೆದು ಮಾಡು. ಖಾಲಿ ರಸ್ತೆ, ನಾಲ್ಕನೇ ಗೇರ್, 40ರಿಂದ 80ಕ್ಕೆ ಎಷ್ಟು ಸೆಕೆಂಡ್? ಹಿಂದೆ ಗೆಳೆಯನನ್ನು ಕೂರಿಸಿಕೋ, ಅವನು ಫೋನ್‌ನಲ್ಲಿ ಟೈಮ್ ಹಿಡಿಯಲಿ. ಒಂದು ಬದಲಾವಣೆ, ಒಂದು ಅಳತೆ. ಸೈಲೆನ್ಸರ್ ಸದ್ದು ಕಿವಿಗೆ ಮೋಸ ಮಾಡುತ್ತದೆ, ಗಡಿಯಾರ ಮಾಡಲ್ಲ.

ಗಂಗಾವತಿ_ಹುಡುಗ

ಅಣ್ಣಾ, ಹನ್ನೆರಡು ದಿನ ಆಯಿತು, ಈಗ ಬರೆಯುತ್ತಿದ್ದೇನೆ. ಮೊದಲು ಅಳೆದಾಗ 13 ಸೆಕೆಂಡ್ ಬಂತು.

ಮಿಲ್ ಅಂಗಳದಲ್ಲೇ ಕೂತು ಫಿಲ್ಟರ್ ತೆಗೆದೆ. ಕಾಗದದ ಮಡಿಕೆಯೇ ಕಾಣುತ್ತಿರಲಿಲ್ಲ. ತೌಡು ಅಂಟಿ ಚಪಾತಿ ಥರ ಗಟ್ಟಿಯಾಗಿತ್ತು. ನೆಲಕ್ಕೆ ಬಡಿದರೆ ಭತ್ತದ ಹೊಟ್ಟು ಉದುರಿತು. ನಮ್ಮ ಹಮಾಲಿ ಅಣ್ಣ ನೋಡಿ, ಇದರಲ್ಲಿ ಉಸಿರು ಹೇಗೆ ಆಡುತ್ತಿತ್ತೋ ಪಾಪ ಅಂದರು. ದಿನಾ ಹೊಟ್ಟು ತೂರುವ ಫ್ಯಾನ್ ಎದುರಿಗೇ ಗಾಡಿ ನಿಲ್ಲಿಸುತ್ತಿದ್ದೆ. ಈಗ ಜಾಗ ಬದಲಿಸಿದ್ದೇನೆ.

ಹೊಸ ಫಿಲ್ಟರ್, ಪ್ಲಗ್ ಹಾಕಿದ ಮೇಲೆ 11 ಸೆಕೆಂಡ್. ಹಿಂದಿನ ಬ್ರೇಕ್ ನಿಜವಾಗಿಯೂ ಹಿಡಿದುಕೊಂಡಿತ್ತು, ಕ್ಯಾಲಿಪರ್ ಪಿನ್ ತುಕ್ಕು ಹಿಡಿದಿತ್ತು. ಅದನ್ನು ಸರಿಮಾಡಿಸಿ, ವಾಲ್ವ್ ನೋಡಿಸಿ, 130ರ ಟೈರ್ ಹಾಕಿಸಿದ ಮೇಲೆ 9. ಟೈರ್ ಸೇರಿ 25 ಸಾವಿರದಲ್ಲಿ ಕಾಲು ಭಾಗವೂ ಆಗಲಿಲ್ಲ. ನೆನ್ನೆ ಲಾರಿ ಹಿಂದೆ ಮೂರನೇ ಗೇರ್‌ಗೆ ಇಳಿಸಿ ತಿರುಗಿಸಿದೆ. ಗಾಡಿ ಕೂಗಿಕೊಂಡು ಹೋಯಿತು ಅಣ್ಣಾ, ಬಸ್ ಇನ್ನೂ ದೂರದಲ್ಲೇ ಇತ್ತು.

ಸೈಲೆನ್ಸರ್ ಒಂದು ಉಳಿದಿದೆ. ಕಂಪನಿಯದು ಹೊಸದು ತುಂಬಾ ದುಬಾರಿ. ಎಲ್ಲಿ ಸಿಗಬಹುದು?

ಬಳ್ಳಾರಿ_ಎರಡುಚಕ್ರ

ಓದಿ ಬಹಳ ಖುಷಿಯಾಯಿತು ತಮ್ಮಾ. ಹಿಂದಿನ ಓನರ್‌ಗೆ ಒಂದು ಫೋನ್ ಮಾಡು. ಬದಲಿಸಿದವರು ಹಳೇದನ್ನು ಎಸೆದಿರಲ್ಲ, ಅಟ್ಟದ ಮೇಲೆ ಹಾಕಿರುತ್ತಾರೆ. ತರುವಾಗ ಗ್ಯಾಸ್ಕೆಟ್ ಮಾತ್ರ ಹೊಸದು ತಗೋ.