ಇಲಿ ಕಿಡ್ನಿಯಲ್ಲಿ ವಿಇಜಿಎಫ್‌ಆರ್2 ಬಣ್ಣ ಬರುತ್ತಿಲ್ಲ, ಸಿಡಿ31 ಮಾತ್ರ ಸರಿಯಿದೆ

ಸ್ಲೈಡ್‌ಹುಳು: ನಮಸ್ಕಾರ. ಇಲಿಯ ಕಿಡ್ನಿ ಮತ್ತು ಟ್ಯೂಮರ್‌ನ ಪ್ಯಾರಾಫಿನ್ ಸೆಕ್ಷನ್‌ಗಳು (ಮೇಣದಲ್ಲಿ ಹುದುಗಿಸಿ ಕತ್ತರಿಸಿದ ತೆಳು ಪದರಗಳು). ಮೊಲದ ರಿಕಾಂಬಿನೆಂಟ್ ಮಾನೊಕ್ಲೋನಲ್ ಆಂಟಿಬಾಡಿ, ಸಿಟ್ರೇಟ್ ಪಿಎಚ್ 6ರಲ್ಲಿ ರಿಟ್ರೀವಲ್ (ಮುಚ್ಚಿಹೋದ ಪ್ರೋಟೀನ್ ತೆರೆಯಲು ಬಿಸಿ ಮಾಡೋದು), ಬಯೋಟಿನ್-ಸ್ಟ್ರೆಪ್ಟಾವಿಡಿನ್ ಕಿಟ್, ಡ್ಯಾಬ್ (ಕಂದು ಬಣ್ಣ ಕೊಡುವ ರಾಸಾಯನಿಕ). ಸಿಡಿ31 ರಕ್ತನಾಳಗಳನ್ನು ಚೆನ್ನಾಗಿ ತೋರಿಸುತ್ತದೆ. ವಿಇಜಿಎಫ್‌ಆರ್2 (ನಾಳ ಬೆಳೆಯುವ ಸಂಕೇತ ಹಿಡಿಯುವ ಪ್ರೋಟೀನ್) ಆಂಟಿಬಾಡಿ ಹಾಕಿದರೆ ನಾಳಗಳಲ್ಲಿ ಏನೂ ಇಲ್ಲ, ಟ್ಯೂಬ್ಯೂಲ್‌ಗಳೆಲ್ಲ (ಕಿಡ್ನಿಯ ಸಣ್ಣ ಕೊಳವೆಗಳು) ಕಂದು. ಇದೇ ಆಂಟಿಬಾಡಿ ಹ್ಯೂವೆಕ್ ಕೋಶಗಳನ್ನು ಒಡೆದ ಲೈಸೇಟ್‌ನ ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸಿ ಆಂಟಿಬಾಡಿಯಿಂದ ನೋಡೋದು) 230 ಕಿಲೋಡಾಲ್ಟನ್ ಹತ್ತಿರ ಬ್ಯಾಂಡ್ ಕೊಟ್ಟಿದೆ. ರಿಕಾಂಬಿನೆಂಟ್ ಅಂತ ಜಾಸ್ತಿ ದುಡ್ಡು ಕೊಟ್ಟು ತರಿಸಿದ್ದು. ಆದರೂ ಯಾಕೆ ಈ ಗೋಳು?

ಕಂದುಬಣ್ಣ: ರಿಕಾಂಬಿನೆಂಟ್ ಅಂದರೆ ಆಂಟಿಬಾಡಿಯ ಸೀಕ್ವೆನ್ಸ್ ಗೊತ್ತಿದೆ, ಅದನ್ನು ಹೆಕ್293 ಅಥವಾ ಸಿಎಚ್‌ಒ ಥರದ ಕೋಶಗಳಲ್ಲಿ ತಯಾರಿಸುತ್ತಾರೆ ಅಂತ. ಹಾಗಾಗಿ ಲಾಟ್‌ನಿಂದ ಲಾಟ್‌ಗೆ ವ್ಯತ್ಯಾಸ ಕಡಿಮೆ. ಪ್ಯಾರಾಫಿನ್‌ನಲ್ಲಿ ನಡೆಯುತ್ತದೆ ಅನ್ನುವ ಗ್ಯಾರಂಟಿ ಅದಲ್ಲ. ನಡೆಯದ ಕ್ಲೋನ್ (ಒಂದೇ ಸೀಕ್ವೆನ್ಸ್‌ನ ಆಂಟಿಬಾಡಿ) ಎಲ್ಲ ಲಾಟ್‌ನಲ್ಲೂ ಅಷ್ಟೇ ನಿಷ್ಠೆಯಿಂದ ಕೈಕೊಡುತ್ತದೆ :)

ಹ್ಯೂವೆಕ್ ಮನುಷ್ಯರ ಹೊಕ್ಕುಳಬಳ್ಳಿಯ ಕೋಶ, ನಿಮ್ಮದು ಇಲಿ. ಡೇಟಾಶೀಟ್‌ನಲ್ಲಿ ಇಲಿ ಇದೆಯಾ? ಪ್ಯಾರಾಫಿನ್ ಇದೆಯಾ? ವೆಸ್ಟರ್ನ್‌ನಲ್ಲಿ ಪ್ರೋಟೀನ್ ಬಿಚ್ಚಿಕೊಂಡಿರುತ್ತದೆ. ಫಾರ್ಮಲಿನ್ ಅದನ್ನು ಕಟ್ಟಿಹಾಕುತ್ತದೆ. ಎಪಿಟೋಪ್, ಅಂದರೆ ಆಂಟಿಬಾಡಿ ಹಿಡಿಯುವ ಜಾಗ, ಮುಚ್ಚಿಹೋಗಿರಬಹುದು. ರಿಟ್ರೀವಲ್‌ಗೆ ಟ್ರಿಸ್-ಇಡಿಟಿಎ ಪಿಎಚ್ 9 ಒಮ್ಮೆ ನೋಡಿ.

ಟ್ಯೂಬ್ಯೂಲ್: ಕಂದಿನ ವಿಷಯ ನಾನು ಹೇಳ್ತೀನಿ. ಕಿಡ್ನಿ ಟ್ಯೂಬ್ಯೂಲ್‌ಗಳಲ್ಲಿ ಬಯೋಟಿನ್ ಸ್ವಂತದ್ದೇ ಜಾಸ್ತಿ. ಬಿಸಿ ರಿಟ್ರೀವಲ್ ಅದನ್ನು ಇನ್ನೂ ಬಯಲಿಗೆ ತರುತ್ತದೆ, ನಿಮ್ಮ ಕಿಟ್‌ನ ಸ್ಟ್ರೆಪ್ಟಾವಿಡಿನ್ ಅದಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಒಂದು ಸ್ಲೈಡ್‌ಗೆ ಪ್ರೈಮರಿ (ವಿಇಜಿಎಫ್‌ಆರ್2 ಆಂಟಿಬಾಡಿ) ಬಿಟ್ಟು ಉಳಿದದ್ದೆಲ್ಲ ಹಾಕಿ, ಇನ್ನೊಂದಕ್ಕೆ ಬರೀ ಡ್ಯಾಬ್. ಎರಡರಲ್ಲೂ ಕಂದು ಬಂದರೆ ಟಿಶ್ಯೂನ ಸ್ವಂತ ಪೆರಾಕ್ಸಿಡೇಸ್ (ಡ್ಯಾಬನ್ನು ಕಂದು ಮಾಡುವ ಕಿಣ್ವ) ಸರಿಯಾಗಿ ಬ್ಲಾಕ್ ಆಗಿಲ್ಲ. ಮೊದಲನೆಯದರಲ್ಲಿ ಮಾತ್ರ ಬಂದರೆ ಬಯೋಟಿನ್ ಮೇಲೆಯೇ ಅನುಮಾನ. ಆಗ ಬಯೋಟಿನ್ ಬೇಡದ ಪಾಲಿಮರ್ ಕಿಟ್‌ಗೆ ಬನ್ನಿ.

ಸ್ಲೈಡ್‌ಹುಳು: ಬರೀ ಡ್ಯಾಬ್ ಸ್ಲೈಡ್ ಸ್ವಚ್ಛ, ಪ್ರೈಮರಿ ಇಲ್ಲದ್ದು ಕಂದು. ಡೇಟಾಶೀಟ್‌ನಲ್ಲಿ ಮನುಷ್ಯ ಮಾತ್ರ ಇದೆ. ಪಕ್ಕದ ಲ್ಯಾಬ್‌ನಿಂದ ಇಲಿಗೆ ಆಗುವ ಕ್ಲೋನ್ ತಂದು, ಪಿಎಚ್ 9 ಮತ್ತು ಪಾಲಿಮರ್‌ನಲ್ಲಿ ಮಾಡಿದೆ. ಗ್ಲೊಮೆರುಲಸ್‌ಗಳು (ಕಿಡ್ನಿಯಲ್ಲಿ ರಕ್ತ ಸೋಸುವ ನಾಳಗಳ ಗೊಂಚಲುಗಳು) ಚೆನ್ನಾಗಿ ಬಂದಿವೆ, ಟ್ಯೂಬ್ಯೂಲ್ ಖಾಲಿ! ಆದರೆ ಟ್ಯೂಮರ್‌ನಲ್ಲಿ ಸಿಡಿ31 ಇರುವ ನಾಳಗಳ ಪೈಕಿ ಕೆಲವಕ್ಕೆ ಮಾತ್ರ ವಿಇಜಿಎಫ್‌ಆರ್2 ಬಂದಿದೆ. ಇದೂ ತೊಂದರೆಯೇನಾ?

ಕಂದುಬಣ್ಣ: ಇರಲಾರದು. ಸಿಡಿ31 ಹೆಚ್ಚುಕಡಿಮೆ ಎಲ್ಲ ನಾಳದಲ್ಲೂ ಇರುತ್ತದೆ. ವಿಇಜಿಎಫ್‌ಆರ್2 ಬೆಳೆಯುತ್ತಿರುವ ನಾಳಗಳಲ್ಲಿ ಜಾಸ್ತಿ, ಬೆಳೆದು ಸುಮ್ಮನಾದವುಗಳಲ್ಲಿ ಸಾಮಾನ್ಯವಾಗಿ ಕಡಿಮೆ. ಕಿಡ್ನಿ ಮತ್ತು ಟ್ಯೂಮರ್ ಒಂದೇ ಸ್ಲೈಡ್ ಮೇಲೆ ಇಟ್ಟು ಮಾಡಿ. ಗ್ಲೊಮೆರುಲಸ್ ಬಂದು ಟ್ಯೂಮರ್‌ನ ನಾಳ ಬರದಿದ್ದರೆ ಬಣ್ಣ ಹಾಕಿದ್ದರಲ್ಲಿ ದೊಡ್ಡ ತಪ್ಪಿಲ್ಲ ಅಂದುಕೊಳ್ಳಬಹುದು.

ರಿವ್ಯೂವರ್ ನಾಕೌಟ್ ಕಂಟ್ರೋಲ್ (ವಿಇಜಿಎಫ್‌ಆರ್2 ಜೀನ್ ತೆಗೆದ ಇಲಿಯ ಟಿಶ್ಯೂ) ಕೇಳಿದರೆ ಗಾಬರಿಯಾಗಬೇಡಿ. ಈ ಜೀನ್ ಪೂರ್ತಿ ಇಲ್ಲದ ಇಲಿ ಭ್ರೂಣದಲ್ಲೇ ಸಾಯುತ್ತದೆ, ದೊಡ್ಡ ಇಲಿಯ ಕಿಡ್ನಿ ಎಲ್ಲಿಂದ ತರೋದು? ಇಲಿಯ ಎಂಡೊಥೀಲಿಯಲ್ (ನಾಳದ ಒಳಪದರದ) ಕೋಶಗಳಿಗೆ ಈ ಜೀನನ್ನು ತಗ್ಗಿಸುವ ಎಸ್‌ಐಆರ್‌ಎನ್‌ಎ ಕೊಟ್ಟು, ಆ ಪೆಲೆಟ್ಟನ್ನೂ (ಒತ್ತಿ ಸೇರಿಸಿದ ಕೋಶಗಳ ಉಂಡೆ) ಎಸ್‌ಐಆರ್‌ಎನ್‌ಎ ಕೊಡದ ಪೆಲೆಟ್ಟನ್ನೂ ನಿಮ್ಮ ಟಿಶ್ಯೂ ಥರಾನೇ ಫಾರ್ಮಲಿನ್‌ನಲ್ಲಿಟ್ಟು ಪ್ಯಾರಾಫಿನ್ ಬ್ಲಾಕ್ ಮಾಡಿ. ಬಣ್ಣ ಇಳಿದರೆ ಅದನ್ನೇ ತೋರಿಸಿ.