ಬೆಂಗಳೂರಲ್ಲಿ ಒಂದೇ ದಿನ ಇದೆ: ವಿಶ್ವೇಶ್ವರಯ್ಯ ಮ್ಯೂಸಿಯಮ್ಮೋ, ಎಚ್‌ಎಎಲ್ ಮ್ಯೂಸಿಯಮ್ಮೋ?

ಪ್ರಶ್ನೆ:
ಭಾನುವಾರ ಬೆಳಿಗ್ಗೆ ದಾವಣಗೆರೆಯಿಂದ ಬಂದು ರಾತ್ರಿ ರೈಲಿಗೆ ವಾಪಸ್. ಜೊತೆಗೆ ಮಕ್ಕಳಿಬ್ಬರು. 14ರ ಹುಡುಗನಿಗೆ ವಿಮಾನದ ಹುಚ್ಚು, 7ರ ಹುಡುಗಿ ಸಿಕ್ಕಿದ್ದನ್ನೆಲ್ಲ ತಿರುಗಿಸಿ ನೋಡೋಳು. ಯಾವುದಕ್ಕೆ ಹೋಗೋದು? ಎರಡೂ ಆಗುತ್ತಾ?

ಉತ್ತರ 1:
ಏಳು ವರ್ಷದವಳು ಜೊತೆಗಿದ್ದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ಎರಡನೇ ಮಾತಿಲ್ಲ. ಅಲ್ಲಿ ಮುಟ್ಟಬಹುದು, ಅದೇ ವ್ಯತ್ಯಾಸ. ಬೆಳಿಗ್ಗೆ 9.30ರಿಂದ ಸಂಜೆ 6ರವರೆಗೆ. ಗಣೇಶ ಚೌತಿ, ದೀಪಾವಳಿ ಬಿಟ್ಟು ದಿನಾ ತೆರೆದಿರುತ್ತೆ. ಕಬ್ಬನ್ ಪಾರ್ಕ್ ಮೆಟ್ರೋದಲ್ಲಿ ಇಳಿದು ನಡೆದೇ ಹೋಗಬಹುದು.

ತ್ರೀಡಿ ಶೋಗೆ ಬೇರೆ ಟಿಕೆಟ್, ಸಮಯವೂ ನಿಗದಿ. ಒಳಗೆ ಹೋದ ಕೂಡಲೇ ಅದನ್ನು ಕೇಳಿಕೊಳ್ಳಿ. ಆಮೇಲೆ ನೋಡೋಣ ಅಂದುಕೊಂಡರೆ ಸೀಟು ತುಂಬಿರುತ್ತೆ. ಮೊದಲು ಎಂಜಿನ್ ಹಾಲ್, ಆಮೇಲೆ ಮೋಜಿನ ವಿಜ್ಞಾನ. ಗುಂಡಿ ಒತ್ತಿದಾಗ ಏನೂ ಆಗದಿದ್ದರೆ ಅರ್ಧ ನಿಮಿಷ ಕಾಯಿರಿ. ಹಿಂದಿನವರು ಶುರು ಮಾಡಿದ ಸುತ್ತು ಮುಗಿದಿರೋದಿಲ್ಲ, ಅಷ್ಟೇ.

ಉತ್ತರ 2:
ಹುಡುಗನ ಪಾಲಿಗೆ ಇದು ಅನ್ಯಾಯ. ಎಚ್‌ಎಎಲ್‌ನಲ್ಲಿ ಮಾದರಿಯಲ್ಲ, ನಿಜವಾದ ವಿಮಾನಗಳೇ ನಿಂತಿವೆ. ಎಚ್‌ಎಎಲ್ ತಯಾರಿಸಿದ ಯುದ್ಧವಿಮಾನ ಮಾರುತ್ ಮುಂದೆ ಅವನನ್ನು ಹತ್ತು ನಿಮಿಷ ನಿಲ್ಲಿಸಿ. ಜರ್ಮನ್ ಎಂಜಿನಿಯರ್ ಕರ್ಟ್ ಟ್ಯಾಂಕ್ ವಿನ್ಯಾಸ, ಮೊದಲ ಹಾರಾಟ 1961ರ ಜೂನ್ 17. ಗಾಳಿ ಒಳಗೆ ಹೋಗುವ ಬಾಯಿ ಎರಡೂ ಪಕ್ಕದಲ್ಲಿದೆ, ಒಂದೊಂದರಲ್ಲೂ ಅರ್ಧ ಶಂಕು. ರಷ್ಯಾ ಮೂಲದ ಯುದ್ಧವಿಮಾನ ಮಿಗ್-21ಕ್ಕೆ ಬಾಯಿ ಮೂತಿಯಲ್ಲೇ, ನಡುವೆ ಇಡೀ ಶಂಕು. ಎರಡರ ಕೆಲಸವೂ ಒಂದೇ: ಶಬ್ದಕ್ಕಿಂತ ವೇಗವಾಗಿ ಬರುವ ಗಾಳಿಯನ್ನು ಎಂಜಿನ್ ತಡೆದುಕೊಳ್ಳುವಷ್ಟು ನಿಧಾನ ಮಾಡೋದು. ಮಾರುತ್‌ನ ಮೈಕಟ್ಟು ಮ್ಯಾಕ್ 2ಕ್ಕೆ, ಅಂದರೆ ಶಬ್ದದ ಎರಡರಷ್ಟು ವೇಗಕ್ಕೆ ಅಂತ ಮಾಡಿದ್ದು. ಅದಕ್ಕೆ ಬೇಕಿದ್ದ ಆರ್ಫಿಯಸ್ 12 ಎಂಜಿನ್ ಬರಲೇ ಇಲ್ಲ, ಆಫ್ಟರ್‌ಬರ್ನರ್ (ಎಂಜಿನ್ ಹಿಂಬದಿಯಲ್ಲಿ ಇನ್ನಷ್ಟು ಇಂಧನ ಉರಿಸಿ ಬಲ ಹೆಚ್ಚಿಸೋ ವ್ಯವಸ್ಥೆ) ಇಲ್ಲದ ಆರ್ಫಿಯಸ್ 703 ಎರಡು ಹಾಕಿ ಹಾರಿಸಿದರು. ಪಾಪ, ಕುದುರೆ ಮೈಗೆ ಕತ್ತೆ ಕಾಲು.

ಆದರೆ ವಿಮಾನಗಳಿರೋದು ಬಯಲಲ್ಲಿ. ಮಧ್ಯಾಹ್ನ ಹೋದರೆ ತಗಡಿನ ಝಳಕ್ಕೆ ಚಿಕ್ಕವಳು ಹಟ ಹಿಡಿಯೋದು ಖಂಡಿತ.

ಉತ್ತರ 3:
ಒಂದೇ ದಿನಕ್ಕೆ ಎರಡೂ ಬೇಡ. ನಡುವೆ ಹಳೇ ಏರ್‌ಪೋರ್ಟ್ ರಸ್ತೆ ಇದೆ. ನಕ್ಷೆ ಹೇಳೋ ಸಮಯ ನಂಬಿ ಹೊರಟರೆ ದೊಮ್ಮಲೂರಲ್ಲೇ ದಿನ ಕರಗುತ್ತೆ. ಎಚ್‌ಎಎಲ್‌ಗೇ ಹೋಗೋದಾದರೆ ಮೆಜೆಸ್ಟಿಕ್‌ನಿಂದ 335ಇ ಬಸ್ಸು. ವಾಪಸ್ ಬರುವಾಗ ರೈಲಿನ ಸಮಯಕ್ಕೆ ಎರಡು ಗಂಟೆ ಮೊದಲೇ ಹೊರಡಿ.

ನನ್ನ ಮತ ವಿಶ್ವೇಶ್ವರಯ್ಯಕ್ಕೇ. ಹುಡುಗ ಬರಿಗೈಲಿ ಬರೋದಿಲ್ಲ: ರೈಟ್ ಸಹೋದರರ 1903ರ ಫ್ಲೈಯರ್‌ನ ಪೂರ್ಣ ಗಾತ್ರದ ಪ್ರತಿಕೃತಿ ಅಲ್ಲಿದೆ. ಹಿಂದಿನ ಎರಡು ಪ್ರೊಪೆಲ್ಲರ್‌ಗಳಿಗೆ ಎಂಜಿನ್‌ನಿಂದ ಸೈಕಲ್ ಚೈನಿನಂಥ ಚೈನು ಹೋಗಬೇಕು, ಹುಡುಕಲಿ. ಮೂಲ ವಿಮಾನದಲ್ಲಿ ಒಂದು ಚೈನನ್ನು ಇಂಗ್ಲಿಷ್ ಎಂಟರ ಹಾಗೆ ಅಡ್ಡ ಹಾಯಿಸಿದ್ದರು. ಯಾಕೆ ಅಂತ ಕೇಳಿ ನೋಡಿ.

ಪ್ರಶ್ನೆ ಕೇಳಿದವರು:
ಅವನು ಕೇಳಿದ ತಕ್ಷಣ ಹೇಳಿದ, ಎರಡು ಪ್ರೊಪೆಲ್ಲರ್‌ಗಳೂ ವಿರುದ್ಧ ದಿಕ್ಕಿಗೆ ತಿರುಗಲಿ ಅಂತ. ಸರಿನಾ?

ಉತ್ತರ 3:
ಸರಿ. ಒಂದೇ ಕಡೆ ತಿರುಗಿದ್ದರೆ ವಿಮಾನ ಒಂದು ಪಕ್ಕಕ್ಕೆ ವಾಲುತ್ತಿತ್ತು. ಮುಂದಿನ ಸಲ ಅವನೊಬ್ಬನನ್ನೇ ಎಚ್‌ಎಎಲ್‌ಗೆ ಕರೆದುಕೊಂಡು ಹೋಗಿ, ಬೆಳಿಗ್ಗೆ ಬೇಗ.